ಸ್ವಿಚ್ಚಿನ ಹಳೆಯ ನೆನಪು: ಎಆರ್‌ಪಿ ಸೆಟ್ಟಿಂಗ್ ಹೀಗೆ ಮಾಡಿ

ನಾಶಿಕ್ ಜಿಲ್ಲೆಯ ಯೇವಲಾದಲ್ಲಿ ಒಂದು ದೊಡ್ಡ ಪೈಠಣಿ ಸೀರೆ ಅಂಗಡಿ ಇದೆ ಎಂದುಕೊಳ್ಳಿ. ಕೆಳಗೆ ಬಿಲ್ಲಿಂಗ್ ಕಂಪ್ಯೂಟರು, ಮೇಲೆ ಮಗ್ಗ, ಎಲ್ಲೆಡೆ ಸಿಸಿ ಕ್ಯಾಮೆರಾ. ರೆಕಾರ್ಡರ್ ಕೆಟ್ಟಿತೆಂದು ಹೊಸದನ್ನು ತಂದು ಹಳೆಯದರ ಐಪಿಯನ್ನೇ ಕೊಟ್ಟರು. ಪೋರ್ಟಿನ ದೀಪ ಉರಿಯುತ್ತಿದೆ, ಕೇಬಲ್ ಸರಿಯಿದೆ, ಆದರೆ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಚಿತ್ರ ಬರುತ್ತಿಲ್ಲ. ಇಂಥ ಕಡೆ ಮೊದಲು ನೋಡಬೇಕಾದದ್ದು ಸ್ವಿಚ್ಚಿನ ಎಆರ್‌ಪಿ ಪಟ್ಟಿ.

ಯಾವ ಐಪಿ ಯಾವ ಮ್ಯಾಕ್ ವಿಳಾಸದ್ದು ಎಂದು ಕೇಳಿ ತಿಳಿಯುವ ವಿಧಾನವೇ ಎಆರ್‌ಪಿ. 1982ರ ನವೆಂಬರಿನಲ್ಲಿ ಡೇವಿಡ್ ಪ್ಲಮ್ಮರ್ ಬರೆದ ಆರ್‌ಎಫ್‌ಸಿ 826ರಿಂದ ಬಂದದ್ದು. ಸಾದಾ ಸ್ವಿಚ್ಚು ಮ್ಯಾಕ್ ನೋಡಿ ಸಾಗಿಸುತ್ತದೆ, ಅಷ್ಟೆ. ಬಿಲ್ಲಿಂಗಿಗೆ ಒಂದು ವಿಲ್ಯಾನ್, ಕ್ಯಾಮೆರಾ, ರೆಕಾರ್ಡರುಗಳಿಗೆ ಇನ್ನೊಂದು ಮಾಡಿ, ನಡುವೆ ಐಪಿ ನೋಡಿ ಸಾಗಿಸುವ ಲೇಯರ್ 3 ಸ್ವಿಚ್ಚು ಕೂರಿಸಿದಾಗ ಮಾತ್ರ ಅದರ ಎಆರ್‌ಪಿ ಪಟ್ಟಿಗೆ ನಿಜವಾದ ಕೆಲಸ.

ಸಿಸ್ಕೋ ಸ್ವಿಚ್ಚು ಸಾಮಾನ್ಯವಾಗಿ ಈ ಪಟ್ಟಿಯನ್ನು 4 ಗಂಟೆ, ಅಂದರೆ 14,400 ಸೆಕೆಂಡು ಇಟ್ಟುಕೊಳ್ಳುತ್ತದೆ. ಹೊಸ ರೆಕಾರ್ಡರ್ ತಾನೇ ‘ನಾನು ಬಂದೆ’ ಎಂದು ಸಾರಿದರೆ ಸರಿ. ಸಾರದಿದ್ದರೆ ಸ್ವಿಚ್ಚು ಹಳೆಯ ಮ್ಯಾಕಿಗೇ ಕಳಿಸುತ್ತಿರುತ್ತದೆ. ‘ಷೋ ಐಪಿ ಎಆರ್‌ಪಿ’ ಕೊಟ್ಟು ಪಟ್ಟಿ ನೋಡಿ, ಹಳೆಯ ಮ್ಯಾಕ್ ಇದ್ದರೆ ‘ಕ್ಲಿಯರ್ ಎಆರ್‌ಪಿ-ಕ್ಯಾಷ್’ ಕೊಡಿ. ರೆಕಾರ್ಡರನ್ನು ಕೊಂಡ ಅಂಗಡಿಗೆ ವಾಪಸ್ ಕಳಿಸುವ ಮುನ್ನ ಇದೊಂದು ಮಾಡಿ.

ಇನ್ನೊಂದು ಸಮಸ್ಯೆ ಕಣ್ಣಿಗೆ ಬೀಳುವುದಿಲ್ಲ. ಯಾವ ಮ್ಯಾಕ್ ಯಾವ ಪೋರ್ಟಿನಲ್ಲಿದೆ ಎಂಬ ಪಟ್ಟಿ ಬೇರೆಯೇ ಇದೆ, ಅದರ ಆಯಸ್ಸು 300 ಸೆಕೆಂಡು ಮಾತ್ರ. ತಾನೇನೂ ಕಳಿಸದೆ ಬರೀ ಪಡೆಯುತ್ತಿರುವ ಸಾಧನದ ಪೋರ್ಟು 5 ನಿಮಿಷಕ್ಕೆ ಮರೆತುಹೋಗುತ್ತದೆ. ಎಆರ್‌ಪಿ ನೆನಪು ಮಾತ್ರ ಉಳಿದಿರುತ್ತದೆ. ಆಗ ಸ್ವಿಚ್ಚು ಆ ವಿಲ್ಯಾನಿನ ಎಲ್ಲ ಪೋರ್ಟುಗಳಿಗೂ ಅದೇ ದತ್ತಾಂಶ ಸುರಿಯುತ್ತದೆ, ನೆಟ್‌ವರ್ಕ್ ನಿಧಾನವಾಗುತ್ತದೆ. ಆ ವಿಲ್ಯಾನ್ ಇಂಟರ್‌ಫೇಸಿನಲ್ಲಿ ‘ಎಆರ್‌ಪಿ ಟೈಮ್‌ಔಟ್ 270’ ಎಂದು ಹಾಕಿದರೆ ಎಆರ್‌ಪಿ ನೆನಪು ಮೊದಲು ಮುಗಿದು ಸ್ವಿಚ್ಚು ಮತ್ತೆ ಕೇಳುತ್ತದೆ, ಉತ್ತರ ಬಂದ ಪೋರ್ಟೂ ನೆನಪಾಗುತ್ತದೆ. ಈ ಸುರಿತ ಕಂಡಲ್ಲಿ ಮಾತ್ರ ಹೀಗೆ ಮಾಡಿ, ಉಳಿದ ಕಡೆ 4 ಗಂಟೆ ಇದ್ದರೆ ಇರಲಿ.

ಸುಳ್ಳು ಎಆರ್‌ಪಿ ಉತ್ತರ ಕೊಟ್ಟು ದತ್ತಾಂಶ ಕದಿಯುವವರನ್ನು ತಡೆಯಲು ‘ಐಪಿ ಎಆರ್‌ಪಿ ಇನ್‌ಸ್ಪೆಕ್ಷನ್’ ಇದೆ. ಆತುರ ಬೇಡ. ಮೊದಲು ಯಾರಿಗೆ ಯಾವ ಐಪಿ ಸಿಕ್ಕಿತೆಂದು ಗಮನಿಸಿ ಬರೆದಿಡುವ ಡಿಎಚ್‌ಸಿಪಿ ಸ್ನೂಪಿಂಗ್ ಹಾಕಿ, ಅದರ ಪಟ್ಟಿ ತುಂಬಲಿ. ಮೇಲಿನ ಸ್ವಿಚ್ಚಿಗೆ ಹೋಗುವ ಪೋರ್ಟನ್ನು ‘ಟ್ರಸ್ಟ್’ ಮಾಡಿ. ಕೈಯಾರೆ ಐಪಿ ಕೊಟ್ಟ ಕ್ಯಾಮೆರಾ, ಪ್ರಿಂಟರುಗಳು ಸ್ನೂಪಿಂಗ್ ಪಟ್ಟಿಯಲ್ಲಿರುವುದಿಲ್ಲ. ಅವಕ್ಕೆ ಬೇರೆಯಾಗಿ ಎಆರ್‌ಪಿ ಎಸಿಎಲ್ ಬರೆಯದಿದ್ದರೆ ಒಂದೊಂದಾಗಿ ಸಂಪರ್ಕ ಕಳೆದುಕೊಳ್ಳುತ್ತವೆ. ಟ್ರಸ್ಟ್ ಇಲ್ಲದ ಪೋರ್ಟಿನಲ್ಲಿ ಸೆಕೆಂಡಿಗೆ 15ಕ್ಕಿಂತ ಹೆಚ್ಚು ಎಆರ್‌ಪಿ ಬಂದರೆ ಪೋರ್ಟೇ ಬಂದ್.

ಎಲ್ಲ ಸರಿಯಾದ ಮೇಲೆ ‘ರೈಟ್ ಮೆಮೊರಿ’ ಕೊಡಿ. ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗ ಸ್ವಿಚ್ಚು ಹಳೆಯ ಸೆಟ್ಟಿಂಗಿಗೇ ಮರಳುತ್ತದೆ.