ಅಜ್ಜಿಯ ಬಸ್ಸಾರಿಗೂ ಒಂದು ಚಿತ್ರಪುಸ್ತಕ

ಮನೆಯ ಬಾಗಿಲಿಗೆ ಬಂದವರನ್ನು ಮೊದಲು 'ಊಟವಾಯಿತೇ?' ಎಂದು ಕೇಳುವುದು ನಮ್ಮ ಹಿರಿಯರಿಂದ ಬಂದ ನಡವಳಿಕೆ. ಕೋಲಾರ ಸೀಮೆಯ ಹಳ್ಳಿಗಳಲ್ಲಿ ಈ ಪ್ರಶ್ನೆಯೇ 'ಹಿಟ್ಟು ಉಂಡಿರಾ?' ಎಂಬ ರೂಪವನ್ನು ತಾಳುತ್ತದೆ. ಇಲ್ಲಿ ಹಿಟ್ಟು ಎಂದರೆ ಬೀಸಿದ ರಾಗಿಯಷ್ಟೇ ಅಲ್ಲ, ತಟ್ಟೆಯಲ್ಲಿರುವ ಮುದ್ದೆ. ಮುದ್ದೆ ಎಂದರೆ ಊಟವೇ ಸರಿ. ಸಾವಿರಾರು ಮೈಲಿ ದೂರದ ಕೊರಿಯ ದೇಶದಲ್ಲಿಯೂ ಕುಶಲಪ್ರಶ್ನೆಯ ರೀತಿ ಇದೇ ಎಂದು ತಿಳಿದಾಗ ನಮಗೆ ಸೋಜಿಗವೂ ಸಂತೋಷವೂ ಒಟ್ಟಿಗೆ ಆದವು. ಅಲ್ಲಿ 'ಬಾಪ್' ಎಂದರೆ ಅನ್ನ. ಊಟಕ್ಕೂ ಅದೇ ಮಾತು. 'ಬಾಪ್ ಉಂಡಿರಾ?' ಎಂದು ಕೇಳಿದರೆ ಯೋಗಕ್ಷೇಮ ವಿಚಾರಿಸಿದಂತೆ. ಒಂದು ಮನೆಯಲ್ಲಿ ಕೂಡಿ ಬಾಳುವವರನ್ನು ಅವರು 'ಶಿಕ್ಕು' ಎನ್ನುತ್ತಾರೆ. ಆ ಪದದ ಮೂಲಾರ್ಥ 'ಉಣ್ಣುವ ಬಾಯಿಗಳು' ಎಂದು. 'ಆ ಮನೆಯಲ್ಲಿ ಉಣ್ಣುವ ಬಾಯಿ ಎಷ್ಟು?' ಎಂದು ನಮ್ಮವರು ಕೇಳುವುದಿಲ್ಲವೇ? ಅಂತಹುದೇ ಮಾತು.

ಈ ವಿಚಾರವೆಲ್ಲ ನಮ್ಮ ಮನಸ್ಸಿಗೆ ಬರಲು ಕಾರಣವಾದದ್ದು ಒಂದು ಪುಟ್ಟ ಚಿತ್ರಪುಸ್ತಕ. ಅಮೆರಿಕೆಯಲ್ಲಿ ನೆಲೆಸಿರುವ ಬಂಧುಗಳೊಬ್ಬರು ಊರಿಗೆ ಬಂದಾಗ, ಮಾಲೂರಿನಲ್ಲಿರುವ ನಮ್ಮ ನೆಂಟರ ಮನೆಯ ಆರು ವರ್ಷದ ಹುಡುಗಿಗೆಂದು ಅದನ್ನು ತಂದುಕೊಟ್ಟರು. ಪುಸ್ತಕದ ಹೆಸರು 'ಬೀ-ಬಿಮ್ ಬಾಪ್!'. 2005ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಇದನ್ನು ಬರೆದವರು ಲಿಂಡಾ ಸೂ ಪಾರ್ಕ್; ಚಿತ್ರಗಳನ್ನು ರಚಿಸಿದವರು ಹೋ ಬೇಕ್ ಲೀ.

ಪುಟ್ಟ ಪುಸ್ತಕದ ದೊಡ್ಡ ಗುಣ

ಕಥೆ ಎನ್ನುವಂತಹ ದೊಡ್ಡ ಕಥೆಯೇನೂ ಅದರಲ್ಲಿಲ್ಲ. ಒಬ್ಬ ಪುಟ್ಟ ಹುಡುಗಿ ತಾಯಿಯೊಡನೆ ಅಂಗಡಿಗೆ ಹೋಗುತ್ತಾಳೆ; ಸಾಮಾನು ತರುತ್ತಾಳೆ; ಅನ್ನ ಬೇಯುವುದನ್ನೂ ತರಕಾರಿ ಹೆಚ್ಚುವುದನ್ನೂ ನೋಡುತ್ತಾಳೆ, ಕೈಲಾದಷ್ಟು ನೆರವಾಗುತ್ತಾಳೆ; ಊಟಕ್ಕೆ ಬಟ್ಟಲುಗಳನ್ನು ಜೋಡಿಸುತ್ತಾಳೆ. ಕೊನೆಗೆ ಮನೆಮಂದಿಯೆಲ್ಲ ಕುಳಿತು, ಪ್ರಾರ್ಥನೆ ಮಾಡಿ, ತಮ್ಮ ತಮ್ಮ ಬಟ್ಟಲಿನಲ್ಲಿ ಎಲ್ಲವನ್ನೂ ಕಲಸಿಕೊಂಡು ಉಣ್ಣುತ್ತಾರೆ. ಇಷ್ಟೇ. ಮಾತುಗಳೆಲ್ಲ ಪ್ರಾಸಬದ್ಧವಾಗಿರುವುದರಿಂದ ಮಕ್ಕಳ ಬಾಯಲ್ಲಿ ಸುಲಭವಾಗಿ ನಿಲ್ಲುತ್ತವೆ. ಪುಸ್ತಕದ ಕಡೆಯಲ್ಲಿ ಅಡುಗೆಯ ವಿಧಾನವನ್ನು ಕೊಟ್ಟಿದ್ದಾರೆ. ಅದರಲ್ಲಿ ಮಗು ಮಾಡತಕ್ಕ ಕೆಲಸ ಯಾವುದು, ದೊಡ್ಡವರು ಮಾಡತಕ್ಕ ಕೆಲಸ ಯಾವುದು ಎಂದು ಬೇರೆಬೇರೆಯಾಗಿ ಹೇಳಿರುವುದು ನಮಗೆ ಬಹಳ ಹಿಡಿಸಿತು. ಚಾಕು, ಬೆಂಕಿ ದೊಡ್ಡವರ ಪಾಲು. ಅಳೆಯುವುದು, ಕಲಸುವುದು ಮಗುವಿನ ಪಾಲು.

ಲೇಖಕಿಯ ಬಗ್ಗೆ ಎರಡು ಮಾತು ಹೇಳಬೇಕು. ಕೊರಿಯದಿಂದ ಅಮೆರಿಕೆಗೆ ವಲಸೆ ಹೋದ ದಂಪತಿಗಳ ಮಗಳು ಈಕೆ, ಹುಟ್ಟಿದ್ದು 1960ರಲ್ಲಿ. 12ನೆಯ ಶತಮಾನದ ಕೊರಿಯದ ಕುಂಬಾರರ ಹಳ್ಳಿಯೊಂದರ ಅನಾಥ ಬಾಲಕನನ್ನು ಕುರಿತು ಈಕೆ ಬರೆದ ಕಾದಂಬರಿಗೆ 2002ರಲ್ಲಿ ಮಕ್ಕಳ ಸಾಹಿತ್ಯದ ಪ್ರತಿಷ್ಠಿತ ನ್ಯೂಬೆರಿ ಪದಕ ದೊರೆಯಿತು. ಕುಂಬಾರ ಗುಂಡಯ್ಯನವರ ಶತಮಾನವೂ ಅದೇ ಎಂಬುದನ್ನು ನೆನೆದಾಗ ದೂರದ ದೇಶ ಹತ್ತಿರವಾದಂತೆ ತೋರುತ್ತದೆ. ಈಕೆ ಬೆಳೆದ ಮನೆಯಲ್ಲಿ ಆಡುತ್ತಿದ್ದುದು ಇಂಗ್ಲಿಷ್. ಕೊರಿಯದ ಭಾಷೆ ಮಕ್ಕಳಿಗೆ ದಕ್ಕಲಿಲ್ಲ. ಆದರೆ ಕೊರಿಯದ ಅಡುಗೆ ಮಾತ್ರ ಉಳಿಯಿತು. ನಾಲಗೆ ಮರೆತ ನುಡಿಯನ್ನು ಅದೇ ನಾಲಗೆಯ ರುಚಿ ಮತ್ತೆ ಹುಡುಕಿಸಿತು ಎನ್ನಬೇಕು. ಮಕ್ಕಳನ್ನು ಇಂಗ್ಲಿಷ್ ಶಾಲೆಗಳಿಗೆ ಕಳುಹಿಸುತ್ತಿರುವ ನಾವು ಈ ಮಾತನ್ನು ನಿಧಾನವಾಗಿ ಯೋಚಿಸತಕ್ಕದ್ದು.

ಕಲಸುವ ಅನ್ನ, ಬಸಿಯುವ ಸಾರು

'ಬಿಬಿಮ್' ಎಂದರೆ ಕಲಸುವುದು. 'ಬಾಪ್' ಎಂದರೆ ಅನ್ನ. ಬಿಸಿ ಅನ್ನದ ಮೇಲೆ ಪಾಲಕ್ ಸೊಪ್ಪು, ಕ್ಯಾರೆಟ್, ಅಣಬೆ, ಮೊಳಕೆ ಕಾಳು ಇವುಗಳನ್ನು ಬೇರೆಬೇರೆಯಾಗಿ ಬೇಯಿಸಿ, ಎಳ್ಳೆಣ್ಣೆ, ಬೆಳ್ಳುಳ್ಳಿ ಹಾಕಿ ಹದಗೊಳಿಸಿ, ಬಣ್ಣಬಣ್ಣವಾಗಿ ಜೋಡಿಸುತ್ತಾರೆ. ಮೇಲೆ 'ಗೊಚುಜಾಂಗ್' ಎಂಬ ಹುದುಗಿಸಿದ ಕೆಂಪು ಮೆಣಸಿನ ಗೊಜ್ಜು. ಸಾಮಾನ್ಯವಾಗಿ ಮಾಂಸ, ಮೊಟ್ಟೆಗಳೂ ಇದರಲ್ಲಿ ಸೇರುತ್ತವೆ. ಆ ಪುಸ್ತಕದಲ್ಲಿಯೂ ಸೇರಿವೆ. ಆದರೆ ಕೊರಿಯದ ಬೌದ್ಧ ವಿಹಾರಗಳಲ್ಲಿ ಮಾಂಸವಿಲ್ಲದೆ, ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲದೆ, ಬರಿಯ ಸೊಪ್ಪು ತರಕಾರಿಗಳಿಂದಲೇ ಇದನ್ನು ಮಾಡುವ ಪದ್ಧತಿ ಇದೆ. ಆದಕಾರಣ ನಮ್ಮ ಮನೆಗಳಿಗೆ ಇದು ತೀರ ಹೊರಗಿನದೆಂದು ಭಾವಿಸಬೇಕಾಗಿಲ್ಲ.

ಇದನ್ನು ಓದುವಾಗ ನಮ್ಮ ಕಣ್ಣ ಮುಂದೆ ಬಂದದ್ದು ನಮ್ಮ ಸೀಮೆಯ ಬಸ್ಸಾರು. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ಬೆಳೆಯುವ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನ್ನೆ ಸೊಪ್ಪು, ಹಿತ್ತಿಲಿನ ನುಗ್ಗೆ ಸೊಪ್ಪು, ಹೀಗೆ ಕೈಗೆ ಸಿಕ್ಕ ನಾಲ್ಕಾರು ಬಗೆಯನ್ನು ಕೂಡಿಸಿ 'ಬೆರಕೆ ಸೊಪ್ಪು' ಎನ್ನುತ್ತೇವೆ. ತೊಗರಿಬೇಳೆಯನ್ನೋ ಅಲಸಂದೆಯನ್ನೋ ಬೇಯಿಸಿ, ಸೊಪ್ಪನ್ನು ಅದರಲ್ಲಿ ಹಾಕಿ, ಬೆಂದ ಮೇಲೆ ನೀರನ್ನು ಬಸಿದುಕೊಳ್ಳುತ್ತೇವೆ. ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆಹಣ್ಣು, ಜೊತೆಗೆ ಬೆಂದ ಸೊಪ್ಪು ಕಾಳು ಒಂದು ಹಿಡಿ, ಇಷ್ಟನ್ನು ರುಬ್ಬಿ ಬಸಿದ ನೀರಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದುದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಕೊರಿಯದವರು ಬೇರೆಬೇರೆ ಬೇಯಿಸಿ ಕೊನೆಗೆ ಒಂದು ಮಾಡುತ್ತಾರೆ. ನಾವು ಒಟ್ಟಿಗೆ ಬೇಯಿಸಿ ಕೊನೆಗೆ ಎರಡು ಮಾಡುತ್ತೇವೆ. ದಾರಿ ಎರಡಾದರೂ ಗುರಿ ಒಂದೇ: ಬಡತನದ ದಿನಗಳಲ್ಲಿಯೂ ಇದ್ದ ಸೊಪ್ಪು, ಇದ್ದ ಧಾನ್ಯಗಳಿಂದ ಮನೆಯ ಬಾಯಿಗಳನ್ನೆಲ್ಲ ತೃಪ್ತಿಪಡಿಸುವುದು.

ಬರೆದಿಡದ ವಿದ್ಯೆ

ಅಡುಗೆಯನ್ನು ಬರೆದಿಡುವುದು ಕನ್ನಡಿಗರಿಗೆ ಹೊಸದೇನಲ್ಲ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ಪದ್ಯದಲ್ಲಿ ರಚಿಸಿದನು. ಕೆಳದಿಯ ಬಸವಭೂಪಾಲನು 18ನೆಯ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವ ರತ್ನಾಕರ'ದಲ್ಲಿಯೂ ಪಾಕದ ವಿಚಾರವಿದೆ. ಇನ್ನು ನಮ್ಮ ಸೀಮೆಯೋ, ಬರಹಕ್ಕೆ ಬಡತನವಿಲ್ಲದ ಸೀಮೆ. ಡಿ.ವಿ.ಜಿ.ಯವರು 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. ಸಣ್ಣಕಥೆಯ ಮಾಸ್ತಿಯವರು ಮಾಲೂರು ತಾಲ್ಲೂಕಿನವರು. ಆದರೂ ರೈತಮನೆಯ ಮುದ್ದೆ, ಬಸ್ಸಾರುಗಳ ವಿದ್ಯೆ ಹೆಚ್ಚಾಗಿ ಕೈಯಿಂದ ಕೈಗೆ ಬಂದಿತೇ ಹೊರತು ಕಾಗದಕ್ಕೆ ಇಳಿಯಲಿಲ್ಲ.

ಅದರ ನಷ್ಟವೇನೆಂಬುದನ್ನು ನಾವು ಅನುಭವದಿಂದ ಬಲ್ಲೆವು. ನಮ್ಮ ದೊಡ್ಡಮ್ಮನವರು ಶ್ರೀನಿವಾಸಪುರದ ಕಡೆಯ ಹಳ್ಳಿಯವರು. ಅವರ ಕೈಯ ಬಸ್ಸಾರನ್ನು ಉಂಡವರು ಮತ್ತೊಂದು ಮುದ್ದೆ ಕೇಳದೆ ಏಳುತ್ತಿರಲಿಲ್ಲ. ಅವರು ಲಿಂಗೈಕ್ಯರಾದಾಗ ಜಮೀನಿನ ಪತ್ರಗಳಿದ್ದವು, ಸಾಲದ ಲೆಕ್ಕವಿತ್ತು, ಮದುವೆಗಳಲ್ಲಿ ಬಂದ ಮುಯ್ಯಿಯ ಪಟ್ಟಿ ಕೂಡ ಇತ್ತು. ಬಸ್ಸಾರಿನ ಖಾರಕ್ಕೆ ಅವರು ಏನೇನು ಎಷ್ಟೆಷ್ಟು ಹಾಕುತ್ತಿದ್ದರೆಂಬುದು ಮಾತ್ರ ಎಲ್ಲಿಯೂ ಇರಲಿಲ್ಲ. ಈರುಳ್ಳಿಯನ್ನು ಕೆಂಡದಲ್ಲಿ ಸುಡುತ್ತಿದ್ದರೋ ಎಣ್ಣೆಯಲ್ಲಿ ಹುರಿಯುತ್ತಿದ್ದರೋ ಎಂಬುದರಲ್ಲಿಯೇ ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಇಂದಿಗೂ ಒಮ್ಮತವಿಲ್ಲ. ಬದುಕಿದ್ದಾಗ ಕೇಳಲಿಲ್ಲ, ಈಗ ಕೇಳಲು ಅವರಿಲ್ಲ.

ಮಾಲೂರಿನ ಮನೆಯಲ್ಲಿಯೂ ಹಾಗೆಯೇ ಆಗುತ್ತಿತ್ತೇನೋ. ಅಲ್ಲಿ ತಂದೆ ತಾಯಿ ಇಬ್ಬರೂ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು. ಮಗು ಶಾಲೆಯಿಂದ ಬಂದ ಮೇಲೆ ಅಜ್ಜಿಯೊಡನೆ ಇರುತ್ತದೆ. ಅಡುಗೆಮನೆಯ ಹೊಸ್ತಿಲಿಗೆ ಬಂದರೆ, 'ಇಲ್ಲಿ ನಿನಗೇನು ಕೆಲಸ ಮಗ, ಹೋಗಿ ಓದಿಕೋ' ಎಂಬ ಮಾತು. ಪ್ರೀತಿಯ ಮಾತೇ, ಸಂದೇಹವಿಲ್ಲ. ಆದರೆ ಆ ಪ್ರೀತಿ ಮಗುವನ್ನು ಒಲೆಯ ಬಳಿಯಿಂದ ದೂರವಿಡುತ್ತಿತ್ತು.

ಪುಸ್ತಕ ಬಂದ ದಿನ ನಾವು ಅಲ್ಲಿಯೇ ಇದ್ದೆವು. ಅಜ್ಜಿಗೆ ಇಂಗ್ಲಿಷ್ ಬಾರದು. ಮೊಮ್ಮಗಳಿಗೆ ಕನ್ನಡದ ಓದು ಇನ್ನೂ ತೊಡಕು. ಆದರೆ ಚಿತ್ರಗಳಿಗೆ ಭಾಷೆಯ ಹಂಗಿಲ್ಲ. ಅಜ್ಜಿ ಒಂದೊಂದೇ ಹಾಳೆಯನ್ನು ಮಗುಚಿ, 'ಅಯ್ಯೋ, ಇಷ್ಟು ಸಣ್ಣ ಕೂಸಿನ ಕೈಲಿ ಇಷ್ಟೆಲ್ಲ ಕೆಲಸ ಮಾಡಿಸುತ್ತಾರಲ್ಲ!' ಎಂದು ಬೆರಗಾದರು. 'ಅಜ್ಜಿ, ನಾನೂ ಮಾಡ್ತೀನಿ' ಎಂದಿತು ಮಗು. ಅಜ್ಜಿ ಕೊಂಚ ಹೊತ್ತು ಸುಮ್ಮನಿದ್ದು, ಮೊರದಲ್ಲಿ ಸೊಪ್ಪು ಹಾಕಿಕೊಂಡು ಬಂದು ಮಗುವಿನ ಮುಂದಿಟ್ಟರು. ಆ ಸಂಜೆ ಸೊಪ್ಪು ಬಿಡಿಸುವಷ್ಟರಲ್ಲಿ ಮಗು ಕಲಿತ ಕನ್ನಡದ ಮಾತುಗಳನ್ನು ನಾವು ಎಣಿಸಿದೆವು: ಮೊರ, ದಂಟು, ಬಸಿ, ಒಗ್ಗರಣೆ, ಚಿಟಿಕೆ, ಹಿಡಿ, ಹದ. ಇವು ಶಾಲೆಯ ಪಾಠದಲ್ಲಿ ಹೀಗೆ ಒಟ್ಟಿಗೆ ಸಿಗುವಂತಹವಲ್ಲ. ಅಡುಗೆ ಮನೆಯಿಂದ ಹೋದರೆ ಅದರೊಡನೆ ಈ ಮಾತುಗಳೂ ಹೋಗುತ್ತವೆ ಎಂಬುದು ನಮಗೆ ಅಂದು ಸ್ಪಷ್ಟವಾಯಿತು.

ಮನೆಯಲ್ಲಿಯೇ ಒಂದು ಪುಸ್ತಕ

ಮಕ್ಕಳಿಗಾಗಿ ಚಿತ್ರಪುಸ್ತಕಗಳನ್ನು ಹೊರತರುವ ಸಂಸ್ಥೆಗಳು ನಮ್ಮ ನಾಡಿನಲ್ಲಿಯೂ ಇವೆ. ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲಿಯೂ ಮಕ್ಕಳ ಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಅಗ್ಗದ ಬೆಲೆಗೆ ಮಕ್ಕಳಿಗೆ ಪುಸ್ತಕ ಒದಗಿಸುವ ಕೆಲಸ ಮಾಡುತ್ತಿದೆ. ಅಂತಹ ಪುಸ್ತಕಗಳನ್ನು ಕೊಂಡು ಮಕ್ಕಳ ಕೈಗೆ ಕೊಡೋಣ. ಆದರೆ ನಮ್ಮ ಮನೆಯ ಅಜ್ಜಿಯ ಬಸ್ಸಾರಿನ ಪುಸ್ತಕವನ್ನು ಹೊರಗಿನವರು ಯಾರೂ ಬರೆದುಕೊಡಲಾರರು. ಅದನ್ನು ನಾವೇ ಮಾಡಬೇಕು.

ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಹದಿನಾರು ಹಾಳೆಯ ಒಂದು ಡ್ರಾಯಿಂಗ್ ಪುಸ್ತಕ, ಒಂದಿಷ್ಟು ಬಣ್ಣದ ಪೆನ್ಸಿಲ್ ಇದ್ದರೆ ಸಾಕು. ಒಂದು ಹಾಳೆಗೆ ಒಂದೇ ಕೆಲಸ; ಮೇಲೆ ಮಗು ಬರೆದ ಚಿತ್ರ, ಕೆಳಗೆ ಅಜ್ಜಿ ಹೇಳಿದ ಒಂದೇ ವಾಕ್ಯ, ಅವರ ಮಾತಿನಲ್ಲಿಯೇ. ಅಜ್ಜಿ 'ಒಂದು ಹಿಡಿ' ಎಂದರೆ, ಆ ಹಿಡಿಯನ್ನು ಲೋಟದಲ್ಲಿ ಅಳೆದು ಪಕ್ಕದಲ್ಲಿ ಬರೆದಿಡಬೇಕು. ಏಕೆಂದರೆ ನಾಳೆ ಪುಸ್ತಕ ಉಳಿಯುತ್ತದೆ, ಆ ಹಿಡಿ ಉಳಿಯುವುದಿಲ್ಲ. ಸೊಪ್ಪು ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು, ಕಾಳು ಆರಿಸುವುದು, ತಟ್ಟೆ ಲೋಟ ಇಡುವುದು ಮಗುವಿನ ಕೆಲಸಗಳು. ಒಲೆ ಹಚ್ಚುವುದು, ಬಿಸಿ ನೀರು ಬಸಿಯುವುದು, ಕುದಿಯುವ ಎಸರಿಗೆ ಹಿಟ್ಟು ಹಾಕಿ ಮುದ್ದೆ ಕೋಲಿನಿಂದ ತಿರುವುವುದು ದೊಡ್ಡವರವು. ಈ ಎರಡನ್ನು ಎರಡು ಬಣ್ಣಗಳಲ್ಲಿ ಬರೆದರೆ ಮಗುವಿಗೆ ತನ್ನ ಎಲ್ಲೆಯೂ ತಿಳಿಯುತ್ತದೆ, ತನ್ನ ಹಕ್ಕೂ ತಿಳಿಯುತ್ತದೆ.

ನಮ್ಮ ಸೀಮೆಯ ವರ್ಷವೆಲ್ಲ ಅದರಲ್ಲಿ ಬರಬಹುದು. ಪುಷ್ಯದ ಚಳಿಯಲ್ಲಿ ಸೊಗಡಿನ ಅವರೆಕಾಯಿ: ಕಾಳನ್ನು ನೆನೆಸಿಟ್ಟು ಸಿಪ್ಪೆ ಹಿತುಕುವ ಕೆಲಸಕ್ಕೆ ಮಕ್ಕಳ ಎಳೆಯ ಬೆರಳುಗಳಷ್ಟು ಚುರುಕಾದ ಸಾಧನ ಬೇರಿಲ್ಲ. ಬೇಸಗೆಯಲ್ಲಿ ಶ್ರೀನಿವಾಸಪುರದ ಮಾವು: ಕಾಯಿಯ ಚಿತ್ರಾನ್ನ, ಉಪ್ಪಿನಕಾಯಿ, ಹಣ್ಣಿನ ಸೀಕರಣೆ. ಕೋಲಾರದ ಮಾರುಕಟ್ಟೆಯ ಟೊಮೇಟೊ ರಾಶಿಗೆ ಒಂದು ಕೆಂಪು ಹಾಳೆ. ಹೆಸರುವಾಸಿಯಾದ ಮುಳಬಾಗಿಲು ದೋಸೆಗೆ ಒಂದು ಹೊಂಬಣ್ಣದ ಹಾಳೆ. ಮಾಲೂರು ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರು. ಚಿತ್ರದ ಅಡುಗೆಮನೆಗೆ ಅಲ್ಲಿಯ ಹೆಂಚನ್ನೇ ಹೊದಿಸಬಹುದು. ಮಳೆಯನ್ನೇ ನಂಬಿ ಬೆಳೆವ ರಾಗಿಗೂ, ಅದನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದ ಹಗೇವಿಗೂ ಒಂದೊಂದು ಹಾಳೆ ಮೀಸಲಿರಲಿ. ಹಗೇವು ಎಂದರೇನೆಂದು ಮಗು ಕೇಳಿದರೆ ತಾತನವರಿಗೂ ಮಾತನಾಡಲು ಒಂದು ಸಂದರ್ಭ ಒದಗಿತು.

ಒಂದು ಮಾತನ್ನು ತಾಯಂದಿರಲ್ಲಿ ವಿಶೇಷವಾಗಿ ವಿನಂತಿಸುತ್ತೇವೆ. ಈ ಕೆಲಸಕ್ಕೆ ಹೆಣ್ಣುಮಗುವನ್ನು ಮಾತ್ರ ಕರೆಯಬೇಡಿ, ಗಂಡುಮಗುವನ್ನೂ ಕರೆಯಿರಿ. ನಾಳೆ ಓದಿಗೆಂದು, ಕೆಲಸಕ್ಕೆಂದು ದೂರದೂರಿನ ಕೋಣೆಯಲ್ಲಿ ಒಂಟಿಯಾಗಿರುವವನಿಗೆ ಈ ಪುಸ್ತಕದ ಅಗತ್ಯ ಇನ್ನೂ ಹೆಚ್ಚು. ಕಾಯಕದಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲವೆಂದು ಸಾರಿದ ಶರಣರ ಮಕ್ಕಳು ನಾವು. ಅಡುಗೆಮನೆಯ ಹೊಸ್ತಿಲಿನಲ್ಲಿ ಆ ಭೇದವನ್ನು ಉಳಿಸಿಕೊಳ್ಳುವುದು ತರವಲ್ಲ.

ಅಳತೆಯ ಅರಿವು

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಹಿಂದಕ್ಕೆ ಚೆಲ್ಲಿ ಬರುವಂತೆ ಲಕ್ಕಮ್ಮನವರು ಹೇಳಿ ಕಳುಹಿಸಿದರು. ಎಷ್ಟು ಬೇಕೋ ಅಷ್ಟೇ ಎಂಬ ಆ ಅರಿವು ಪುಸ್ತಕದ ಓದಿನಿಂದಷ್ಟೇ ಬರುವುದಿಲ್ಲ. ಮನೆಯಲ್ಲಿ ಎಷ್ಟು ಜನ, ಎಷ್ಟು ಅಕ್ಕಿ, ಅನಿರೀಕ್ಷಿತವಾಗಿ ಬಂದವರಿಗೆಂದು ಮೇಲೆ ಎಷ್ಟು ಎಂದು ಸೇರಿನಲ್ಲಿ ಅಳೆದು ನೋಡಿದ ಮಗುವಿಗೆ ಅದು ಕೈಗೇ ಹತ್ತುತ್ತದೆ. ತಾನು ಬಿಡಿಸಿದ ಸೊಪ್ಪನ್ನು ತಟ್ಟೆಯಲ್ಲಿ ಬಿಟ್ಟು ಏಳಲು ಮಗುವಿಗೆ ಮನಸ್ಸು ಬಾರದು. ದಾಸೋಹದ ಮೊದಲ ಪಾಠ ಇದೇ ಅಲ್ಲವೇ?

ಮಾಲೂರಿನ ಮನೆಯ ಪುಸ್ತಕ ಈಗ ಅರ್ಧ ಮುಗಿದಿದೆ. ಸಾರಿನ ಹಾಳೆಯ ಮೇಲೆ ನಿಜವಾದ ಸಾರಿನದೇ ಒಂದು ಕಲೆ ಬಿದ್ದಿದೆ. ಅದನ್ನು ಅಳಿಸಬಾರದೆಂದು ಮಗುವಿನ ಹಟ. ಅಜ್ಜಿಯ ಕೈ ಆ ಪುಸ್ತಕದಲ್ಲಿ ಉಳಿಯುತ್ತಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಓದುಗ ಬಂಧುಗಳೇ, ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ನೀವು ಭಾಗ್ಯವಂತರು. ಮುಂದಿನ ರಜೆಗೆ ಮಕ್ಕಳು ಬಂದಾಗ ಒಂದು ಡ್ರಾಯಿಂಗ್ ಪುಸ್ತಕವನ್ನು ತಂದಿಡಿ. ಮಗುವನ್ನು ಅಜ್ಜಿಯ ಪಕ್ಕದಲ್ಲಿ ಕೂರಿಸಿ, ನಡುವೆ ಒಂದು ಮೊರ ಸೊಪ್ಪನ್ನಿಡಿ. ನಮ್ಮ ದೊಡ್ಡಮ್ಮನವರನ್ನು ಕೇಳದೆ ನಾವು ಕಳೆದುಕೊಂಡದ್ದನ್ನು ನೀವು ಕಳೆದುಕೊಳ್ಳದಿರಲಿ ಎಂಬುದೇ ನಮ್ಮ ಹಾರೈಕೆ.