ಗಣ ವಿಂಗಡಣೆಯಿಂದ ಗೇಟ್ ಉಳಿತಾಯಕ್ಕೆ: ದೊಡ್ಡ ಲಾಜಿಕ್ ಸರ್ಕ್ಯೂಟ್‌ಗಳನ್ನು ಕಿರಿದಾಗಿಸುವ ಬಗೆ

ಕನ್ನಡ ಎಂ.ಎ. ಓದುವವರಿಗೆ ಈ ವಿಷಯ ಯಾಕೆ ಬೇಕು ಅಂತ ನಿಮಗೆ ಅನ್ನಿಸಬಹುದು. ನಾನು ಮಾತಾಡ್ತಿರೋದು ಅಂಚೆಟ್ಟಿಯಿಂದ. ಹೊಸೂರಿನ ಹತ್ತಿರದ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಐಫೋನಿನ ಹೊರಕವಚದ ಭಾಗಗಳು ತಯಾರಾಗುತ್ತವೆ. ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಬಹಳ. ಇನ್ನೊಂದು ಕಡೆ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದಾಗಿನಿಂದ ಚಿಪ್ ವಿನ್ಯಾಸವೂ ನಮ್ಮ ಪಕ್ಕದಲ್ಲೇ ನಡೀತಿದೆ. ಆದರೆ ಆ ಚಿಪ್‌ನೊಳಗಿನ ತರ್ಕವನ್ನು ಕನ್ನಡದಲ್ಲಿ ಹೇಳುವ ಮಾತು ಕಮ್ಮಿ. ಛಂದಸ್ಸು ಓದಿದವರಿಗೆ ಆ ತರ್ಕ ದೂರದ್ದಲ್ಲ ಅನ್ನೋದು ನನ್ನ ವಾದ.

1. ಉಳಿತಾಯ ಅಂದರೇನು?

ಒಂದು ನೀರಿನ ಮೋಟಾರ್ ಇದೆ ಅಂದ್ಕೊಳ್ಳಿ. ನಿಯಮ ಹೀಗಿದೆ: ‘ಕರೆಂಟ್ ಇದ್ದು ಹೊಲಕ್ಕೆ ನೀರು ಬೇಕಿದ್ದರೆ, ಅಥವಾ ಕರೆಂಟ್ ಇದ್ದು ಟ್ಯಾಂಕ್ ಖಾಲಿಯಿದ್ದರೆ, ಮೋಟಾರ್ ಓಡಲಿ.’ ಇದಕ್ಕೆ ಎರಡು ಆ್ಯಂಡ್ ಗೇಟ್, ಒಂದು ಆರ್ ಗೇಟ್ ಬೇಕು. ‘ಕರೆಂಟ್ ಇರಲಿ, ಜೊತೆಗೆ ಹೊಲಕ್ಕೆ ನೀರು ಬೇಕಿರಲಿ ಅಥವಾ ಟ್ಯಾಂಕ್ ಖಾಲಿಯಿರಲಿ’ ಅಂದರೆ ಎರಡೇ ಗೇಟ್ ಸಾಕು. ಅರ್ಥ ಅದೇ, ಖರ್ಚು ಕಮ್ಮಿ. ಸ್ವಿಚ್ಚುಗಳ ಜಾಲವನ್ನು ಹೀಗೆ ಬೂಲ್‌ನ ಬೀಜಗಣಿತದಿಂದ ಬರೆಯಬಹುದು, ಕಿರಿದಾಗಿಸಬಹುದು ಎಂದು ಕ್ಲಾಡ್ ಶಾನನ್ 1937ರ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದ.

2. ಪ್ರಸ್ತಾರ ಎಲ್ಲಿ ಸೋಲುತ್ತದೆ?

ಮೂರು ಅಕ್ಷರಕ್ಕೆ ಲಘು-ಗುರುಗಳನ್ನು ಪ್ರಸ್ತಾರ ಹಾಕಿದರೆ ಎಂಟು ಗಣ. ಇನ್‌ಪುಟ್‌ಗಳ ಸತ್ಯಪಟ್ಟಿಯೂ ಹೀಗೇ: ಒಂದು ಇನ್‌ಪುಟ್ ಹೆಚ್ಚಾದರೆ ಸಾಲುಗಳು ದುಪ್ಪಟ್ಟು. ಚಂಪಕಮಾಲೆಯ ಒಂದು ಪಾದಕ್ಕೆ 21 ಅಕ್ಷರ. ಅಷ್ಟಕ್ಕೇ ಪ್ರಸ್ತಾರದಲ್ಲಿ 20,97,152 ಸಾಲು. ಎರಡು 32 ಬಿಟ್ ಸಂಖ್ಯೆಗಳನ್ನು ಕೂಡುವ ಸರ್ಕ್ಯೂಟ್‌ಗೆ 64 ಇನ್‌ಪುಟ್. ಅದರ ಸಾಲುಗಳ ಲೆಕ್ಕ ಬರೆಯಲು 20 ಅಂಕಿ ಬೇಕು. 1953ರ ಕಾರ್ನೋ ನಕ್ಷೆ ಕೈಲೆಕ್ಕಕ್ಕೆ ಚೆನ್ನಾಗಿದೆ, ಆದರೆ ನಾಲ್ಕೈದು ಇನ್‌ಪುಟ್ ದಾಟಿದರೆ ಕಷ್ಟ. ಐಫೋನ್ 15 ಪ್ರೊದಲ್ಲಿರುವ ಎ17 ಪ್ರೊ ಚಿಪ್‌ನಲ್ಲಂತೂ 1,900 ಕೋಟಿ ಟ್ರಾನ್ಸಿಸ್ಟರ್‌ಗಳಿವೆ. ಪೂರ್ತಿ ಪಟ್ಟಿ ಬರೆದು ನೋಡುವ ದಾರಿ ಇಲ್ಲಿ ಮುಚ್ಚಿಹೋಗುತ್ತದೆ.

3. ತುಂಡು ತುಂಡಾಗಿ ತಿದ್ದುವುದು

ಹಾಗಾಗಿ ಮೊದಲು ಇಡೀ ಸರ್ಕ್ಯೂಟನ್ನು ಎರಡು ಇನ್‌ಪುಟ್‌ನ ಆ್ಯಂಡ್ ಮತ್ತು ‘ಅಲ್ಲ’ ಎಂಬ ತಿರುವು, ಇವೆರಡರಲ್ಲೇ ಬರೆದುಕೊಳ್ಳುತ್ತಾರೆ. ಬರ್ಕ್‌ಲಿಯ ಮಿಶ್ಚೆಂಕೊ, ಚಟರ್ಜಿ, ಬ್ರೇಟನ್ 2006ರಲ್ಲಿ ಪ್ರಕಟಿಸಿದ ವಿಧಾನ ಆ ಜಾಲದಿಂದ ನಾಲ್ಕು ಇನ್‌ಪುಟ್‌ನ ಸಣ್ಣ ತುಂಡುಗಳನ್ನು ಆರಿಸುತ್ತದೆ. ನಾಲ್ಕು ಇನ್‌ಪುಟ್‌ಗೆ ಸಾಧ್ಯವಿರುವ ಫಲನಗಳು 65,536. ಇನ್‌ಪುಟ್‌ಗಳ ಜಾಗ ಬದಲಿಸಿದರೆ ಅಥವಾ ಇನ್‌ಪುಟ್, ಔಟ್‌ಪುಟ್‌ಗಳನ್ನು ತಿರುವಿದರೆ ಒಂದೇ ಆಗುವಂಥವನ್ನು ಒಟ್ಟಿಗಿಟ್ಟರೆ ಉಳಿಯುವುದು ಬರೀ 222 ವರ್ಗ. ಆ ವರ್ಗಗಳಿಗೆ ಒಳ್ಳೆಯ ರೂಪಗಳನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡು, ಸಿಕ್ಕಲ್ಲೆಲ್ಲ ಹಳೆಯ ತುಂಡು ತೆಗೆದು ಹೊಸದನ್ನು ಕೂರಿಸುತ್ತಾರೆ.

ನಮ್ಮ ಮಾತ್ರಾಗಣ ನೆನಪಿಸಿಕೊಳ್ಳಿ. ನಾಲ್ಕು ಮಾತ್ರೆಯ ಗಣಕ್ಕೆ ಐದು ರೂಪ: ಎರಡು ಗುರು, ಒಂದು ಗುರು ಎರಡು ಲಘುವಿನ ಮೂರು ಜೋಡಣೆ, ಮತ್ತೆ ನಾಲ್ಕು ಲಘು. ರೂಪ ಬೇರೆ, ಮಾತ್ರೆ ಒಂದೇ. ಆದರೆ ಕಂದಪದ್ಯದಲ್ಲಿ ಯಾವುದನ್ನು ಎಲ್ಲಿ ಬೇಕಾದರೂ ಇಡೋಕಾಗಲ್ಲ: ವಿಷಮಸ್ಥಾನದಲ್ಲಿ ಜಗಣ ಬರಬಾರದು, ಪ್ರತಿ ಅರ್ಧದ ಆರನೆಯ ಗಣ ಜಗಣವೋ ಸರ್ವಲಘುವೋ ಆಗಿರಬೇಕು. ಅಂದರೆ ಗಣ ಸರಿಯಿದ್ದರೂ ಸ್ಥಾನ ಒಪ್ಪಬೇಕು. ಸರ್ಕ್ಯೂಟ್‌ನಲ್ಲೂ ಅಷ್ಟೆ. ಒಂದು ಗೇಟನ್ನು ಬೇರೆ ನಾಲ್ಕು ಕಡೆಯವರೂ ಬಳಸುತ್ತಿದ್ದರೆ, ಇಲ್ಲಿ ಅದನ್ನು ಬಿಟ್ಟರೂ ಗೇಟ್ ಅಲ್ಲೇ ಉಳಿಯುತ್ತದೆ, ಏನೂ ಉಳಿತಾಯವಾಗಲ್ಲ. ಬದಲಿಗೆ, ಜಾಲದಲ್ಲಿ ಆಗಲೇ ಇರುವ ಗೇಟನ್ನು ಹೊಸ ತುಂಡು ಹಂಚಿಕೊಂಡರೆ ಲಾಭ. ಗೇಟ್ ಕಮ್ಮಿಯಾಗಿ ದಾರಿ ಉದ್ದವಾದರೆ ಚಿಪ್ ನಿಧಾನವಾಗಬಹುದು, ಅದನ್ನೂ ನೋಡಬೇಕು.

4. ದೊಡ್ಡದಾದಾಗ ಬರುವ ತೊಡಕು

ಪ್ರತಿ ಹೆಜ್ಜೆಯಲ್ಲೂ ಲಾಭವೇ ಬೇಕು ಅಂತ ಹಟ ಹಿಡಿದರೆ ಒಂದು ಕಡೆ ಸಿಕ್ಕಿಹಾಕಿಕೊಳ್ತೀವಿ: ಸಣ್ಣ ತಿದ್ದುಪಡಿ ಯಾವುದೂ ಸಿಗಲ್ಲ, ಆದರೂ ಇನ್ನೂ ಚಿಕ್ಕ ರೂಪ ಇರಬಹುದು. ಅದಕ್ಕೇ ಲಾಭವೂ ನಷ್ಟವೂ ಇಲ್ಲದ ಬದಲಾವಣೆಯನ್ನೂ ಕೆಲವೊಮ್ಮೆ ಒಪ್ಪುತ್ತಾರೆ. ಜಾಲದ ಆಕಾರ ಬದಲಾಗಿ ಮುಂದೆ ದಾರಿ ತೆರೆಯಬಹುದು. ತಿದ್ದುವ ಕ್ರಮ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ವೇಗಕ್ಕಾಗಿ ಸರ್ಕ್ಯೂಟನ್ನು ಭಾಗ ಮಾಡಿ ಹಲವು ಕಂಪ್ಯೂಟರ್‌ಗಳಿಗೆ ಹಂಚಿದರೆ, ಭಾಗಗಳ ಗಡಿಯಲ್ಲಿರುವ ಉಳಿತಾಯ ಯಾರ ಕಣ್ಣಿಗೂ ಬೀಳಲ್ಲ. ಗಡಿಗಳನ್ನು ಸರಿಸಿ ಮತ್ತೊಮ್ಮೆ ಓಡಿಸುವುದು ಅದಕ್ಕೊಂದು ಉಪಾಯ. ಕೊನೆಗೆ ಹಳೆಯದೂ ಹೊಸದೂ ಒಂದೇ ಕೆಲಸ ಮಾಡುತ್ತವೆಯೇ ಎಂಬುದನ್ನು ತರ್ಕದಿಂದಲೇ ಸಾಧಿಸಬೇಕು. ಕೆಲವು ಇನ್‌ಪುಟ್ ಕೊಟ್ಟು ನೋಡಿದರೆ ತಪ್ಪು ಸಿಗಬಹುದು, ತಪ್ಪಿಲ್ಲ ಅನ್ನೋದಕ್ಕೆ ಅದು ಪುರಾವೆಯಲ್ಲ.

5. ಚರ್ಚೆಯಿಂದ

ಪ್ರಶ್ನೆ: ಹಾಗಾದರೆ ಇದೆಲ್ಲ ನಾಗವರ್ಮನಿಗೆ ಆಗಲೇ ಗೊತ್ತಿತ್ತು ಅಂತೀರಾ?

ಉತ್ತರ: ಇಲ್ಲ. ‘ಛಂದೋಂಬುಧಿ’ ಪದ್ಯದ ಶಾಸ್ತ್ರ, ಗೇಟುಗಳದ್ದಲ್ಲ. ನಾನು ಹೇಳ್ತಿರೋದು ಇಷ್ಟೆ: ಎರಡೇ ಚಿಹ್ನೆಗಳ ಜೋಡಣೆ ಎಣಿಸೋದು, ರೂಪ ಬದಲಿಸಿ ಅಳತೆ ಕಾಯೋದು, ಸ್ಥಾನದ ನಿಯಮ ನೋಡೋದು – ಈ ಅಭ್ಯಾಸ ನಮಗಿದೆ, ಅದಕ್ಕೆ ಪದಗಳೂ ಇವೆ. ಪ್ರಸ್ತಾರ ಹಾಕೋದನ್ನ ಕಲಿತವರಿಗೆ ಸತ್ಯಪಟ್ಟಿ ಹೊಸದಲ್ಲ. ಫೋನಿನ ಕವಚ ಮಾಡುವ ಕೈಗಳಿಗೆ ಒಳಗಿನ ಚಿಪ್ ಹೇಗೆ ಯೋಚಿಸುತ್ತದೆ ಅಂತ ಅವರ ಮಾತಲ್ಲೇ ಹೇಳಬೇಕಾದರೆ, ನಾವು ಅಲ್ಲಿಂದ ಶುರುಮಾಡಬಹುದು.