ಮನೆ ಬಿಟ್ಟು ಹೋದ ಮಗು ಹುಡುಕುವುದೇನು?



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ, ಅಥವಾ ಮನೆಯಲ್ಲಿ ದೊಡ್ಡ ಜಗಳವಾದ ರಾತ್ರಿ, ಹದಿಹರೆಯದ ಮಗು ಯಾರಿಗೂ ಹೇಳದೆ ಬೆಂಗಳೂರಿನ ರೈಲು ಹತ್ತಿಬಿಡುತ್ತದೆ. ಆಗ ಎಷ್ಟೋ ತಾಯಂದಿರು ಹೇಳುವ ಮಾತು ಒಂದೇ: “ಯಾರಿಗೂ ಹೇಳ್ಬೇಡಿ ಸಿಸ್ಟರ್, ಎರಡು ದಿನದಲ್ಲಿ ಬರ್ತಾನೆ.” ಮಾನಕ್ಕೆ ಹೆದರಿ ಕಾಯುವ ಆ ಎರಡು ದಿನಗಳೇ ಮಗುವಿಗೆ ಅತ್ಯಂತ ಅಪಾಯದ ದಿನಗಳು.

ಯಾಕೆ ಹೋಗುತ್ತಾರೆ?

“ಊಟಕ್ಕೆ, ಬಟ್ಟೆಗೆ ಏನು ಕಡಿಮೆ ಮಾಡಿದ್ವಿ?” ಎಂದು ತಂದೆತಾಯಿ ಕೇಳುತ್ತಾರೆ. ಬಡತನ ಒಂದು ಕಾರಣ, ನಿಜ. ಆದರೆ ಅದೊಂದೇ ಅಲ್ಲ. ಹದಿಮೂರು, ಹದಿನಾಲ್ಕು ದಾಟಿದ ಮೇಲೆ ಮಕ್ಕಳ ಮನಸ್ಸಿನಲ್ಲಿ ಹೊಸ ಪ್ರಶ್ನೆಗಳು ಏಳುತ್ತವೆ. ನಾನು ಯಾರು? ನನಗೆ ಬೆಲೆ ಇದೆಯಾ? ನನ್ನ ಮಾತು ಕೇಳುವವರು ಯಾರು? ಮನೆಯಲ್ಲಿ ಸಿಗುವ ಉತ್ತರ “ದಂಡಪಿಂಡ”, “ಪಕ್ಕದ ಮನೆಯವನನ್ನು ನೋಡಿ ಕಲಿ” ಎಂದಾದರೆ ಮಗು ಉತ್ತರವನ್ನು ಬೇರೆ ಕಡೆ ಹುಡುಕುತ್ತದೆ. ಕುಡಿದು ಬಂದು ಹೊಡೆಯುವ ಅಪ್ಪ, ಓದಬೇಕೆನ್ನುವ ಹುಡುಗಿಗೆ ಮದುವೆಯ ಮಾತು, ಮೊಬೈಲಿನಲ್ಲಿ ಪರಿಚಯವಾದವನ ಸಿಹಿಮಾತು, ಇವೆಲ್ಲ ಸೇರಿಕೊಳ್ಳುತ್ತವೆ. ಗೌರವ, ಸಂತೋಷ ಬೇಕೆನ್ನುವುದು ತಪ್ಪಲ್ಲ. ಹುಡುಕಿಕೊಂಡು ಹೋದ ಜಾಗ ಅಪಾಯದ್ದು.

ನಗರದಲ್ಲಿ ಕಾದಿರುವುದು

ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ದೀಪ, ಅಂಗಡಿ, ಜನ ನೋಡಿ ಖುಷಿಯಾಗುತ್ತದೆ. ಕೈಯಲ್ಲಿದ್ದ ಹಣ ಬೇಗ ಮುಗಿಯುತ್ತದೆ. “ಊಟ ಆಯ್ತಾ? ಕೆಲಸ ಕೊಡಿಸ್ತೀನಿ ಬಾ” ಎಂದು ಯಾರೋ ಹತ್ತಿರ ಬರುತ್ತಾರೆ. ಹೋಟೆಲಿನಲ್ಲಿ ತಟ್ಟೆ ತೊಳೆಯುವುದು, ಚಿಂದಿ ಆಯುವುದು, ಸೊಲ್ಯೂಷನ್ ಮೂಸುವ ಚಟ, ಹೀಗೆ ದಾರಿ ಇಳಿಯುತ್ತಾ ಹೋಗುತ್ತದೆ. ಹೆಣ್ಣುಮಕ್ಕಳನ್ನು ಮಾರುವವರೂ ಇದ್ದಾರೆ. ಗಂಡುಮಕ್ಕಳ ಮೇಲೂ ಲೈಂಗಿಕ ದೌರ್ಜನ್ಯ ನಡೆಯುತ್ತದೆ, ಇದನ್ನು ನಾವು ಮರೆಯಬಾರದು. ಹಿಡಿದು ಮನೆಗೆ ಕಳಿಸುತ್ತಾರೆಂದು ಹೆದರಿ ಮಕ್ಕಳು ಸುಳ್ಳು ಹೆಸರು, ಸುಳ್ಳು ಊರು ಹೇಳುತ್ತಾರೆ. ದಿನ ಕಳೆದಂತೆ ಹುಡುಕುವುದು ಕಷ್ಟವಾಗುತ್ತದೆ.

ಒಳ್ಳೆಯ ಕೈಗಳೂ ಅಲ್ಲಿವೆ. 1980ರಲ್ಲಿ ಆರಂಭವಾದ ಬಾಸ್ಕೊ ಸಂಸ್ಥೆ ಬೆಂಗಳೂರಿನ ಬೀದಿಮಕ್ಕಳ ನಡುವೆ ದುಡಿಯುತ್ತಾ ಬಂದಿದೆ. ರೈಲ್ವೆ ರಕ್ಷಣಾ ಪಡೆ 2018ರಿಂದ ‘ನನ್ಹೇ ಫರಿಶ್ತೇ’ ಎಂಬ ಕಾರ್ಯಕ್ರಮದಡಿ ನಿಲ್ದಾಣಗಳಲ್ಲಿ ಒಂಟಿ ಮಕ್ಕಳನ್ನು ಗುರುತಿಸಿ ರಕ್ಷಿಸುತ್ತಿದೆ. ಅಪಾಯದ ಕೈಗಿಂತ ಇಂಥ ಕೈ ಮೊದಲು ಸಿಗಬೇಕಾದರೆ ನಾವು ಬೇಗ ತಿಳಿಸಬೇಕು.

ಮಗು ಕಾಣದಿದ್ದರೆ

1. ತಕ್ಷಣ ಪೊಲೀಸ್ ಠಾಣೆಗೆ ಹೋಗಿ. “ಒಂದು ದಿನ ಕಾದು ನೋಡಿ” ಎಂಬ ನಿಯಮ ಎಲ್ಲೂ ಇಲ್ಲ. ಕಾಣೆಯಾದ ಮಗುವಿನ ಬಗ್ಗೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿದೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಿರಿ.

2. ಇತ್ತೀಚಿನ ಫೋಟೊ, ವಯಸ್ಸಿನ ದಾಖಲೆ, ತೊಟ್ಟ ಬಟ್ಟೆಯ ಬಣ್ಣ, ಸ್ನೇಹಿತರ ಮೊಬೈಲ್ ನಂಬರ್ ಕೊಡಿ.

3. 1098ಕ್ಕೆ ಫೋನ್ ಮಾಡಿ. ಇದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಉಚಿತ. ತುರ್ತಿಗೆ 112 ಕೂಡ ಇದೆ.

4. ಜಗಳ, ಏಟು, ಪ್ರೀತಿಯ ವಿಷಯ ಏನಿದ್ದರೂ ಮುಚ್ಚಿಡಬೇಡಿ. ಸುಳಿವು ಅಲ್ಲಿಯೇ ಇರುತ್ತದೆ.

ಸಿಕ್ಕ ಮಗುವನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಇದು 2015ರ ಬಾಲನ್ಯಾಯ ಕಾಯ್ದೆಯ ನಿಯಮ. ಸಮಿತಿ ಶಿಕ್ಷೆ ಕೊಡುವ ಜಾಗವಲ್ಲ. ಅದು ಮಗುವಿನ ಮಾತು ಕೇಳುತ್ತದೆ, ಮನೆ ಸುರಕ್ಷಿತವೇ ಎಂದು ವಿಚಾರಿಸುತ್ತದೆ.

ಮರಳಿ ಬಂದಾಗ

“ಮಾನ ಕಳೆದು ಬಂದ್ಯಾ?” ಎಂದು ಬಾಗಿಲಲ್ಲೇ ಕೇಳಿದರೆ ಮಗು ಇನ್ನೊಮ್ಮೆ ಹೋಗುತ್ತದೆ. ಮೊದಲು ಊಟ ಹಾಕಿ. ನಿದ್ದೆ ಮಾಡಲಿ. ನೆಂಟರ ಮುಂದೆ ವಿಚಾರಣೆ ಬೇಡ. ನಿಧಾನವಾಗಿ ಅದೇ ಮಾತು ಶುರು ಮಾಡಲಿ, ನಾವು ನಡುವೆ ಬಾಯಿ ಹಾಕದೆ ಕೇಳೋಣ. ಮನೆಗೆ ಬರಲು ಹೆದರುವ ಮಗುವಿದ್ದರೆ ಆ ಹೆದರಿಕೆಗೆ ಕಾರಣ ಇರುತ್ತದೆ. ಅದನ್ನು ಸರಿಪಡಿಸದೆ ಎಳೆದು ತರುವುದು ಪರಿಹಾರವಲ್ಲ.

ಸಂಘ ಏನು ಮಾಡಬಹುದು?

ಸದಸ್ಯೆಯೊಬ್ಬಳ ಮಗು ಹೋದಾಗ ಹಿಂದಿನಿಂದ ಆಡಿಕೊಳ್ಳದೆ, ಇಬ್ಬರು ಅವಳ ಜೊತೆ ಠಾಣೆಗೆ ಹೋಗಿ. ವಿಧವೆಯರ, ಗಂಡ ಬಿಟ್ಟವರ ಮಕ್ಕಳು ಕಷ್ಟದಲ್ಲಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಇದೆ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಇಡಿ. ಈ ವಾರ ನಮ್ಮ ಮಗುವನ್ನು ಎಷ್ಟು ಸಲ ಬೈದೆವು, ಎಷ್ಟು ಸಲ ಮೆಚ್ಚಿದೆವು ಎಂದು ಪ್ರತಿಯೊಬ್ಬರೂ ಹೇಳಲಿ. 1098 ಎಂಬ ನಂಬರನ್ನು ಪಾಸ್‌ಬುಕ್ಕಿನ ಹಿಂದೆ ಬರೆದುಕೊಳ್ಳಿ.